ಕನ್ನಡಿಕೊಳಕ್ಕೆ ಬಂದ ಮೂವರು

ಬಹಳ ಹಿಂದೆ, ಕಡಲು ಇಳಿದ ಹೊತ್ತಿನಲ್ಲಿ ಅದರ ಪ್ರಾಣಿಗಳು ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ, ಪುಳಿನಪುರ ಎಂಬ ಒಂದು ರಾಜ್ಯವಿತ್ತು. ಅದನ್ನು ಕೇತರಸ ಎಂಬ ರಾಜ ಆಳುತ್ತಿದ್ದ. ರಾಜ ಒಳ್ಳೆಯವನೇ. ಆದರೆ ಅವನಿಗೆ ಎರಡು ಹುಚ್ಚು ಇದ್ದವು. ಒಂದು ಮೀನಿನ ಹುಚ್ಚು, ಇನ್ನೊಂದು ನಗಾರಿಯ ಹುಚ್ಚು.

ಮೀನೆಂದರೆ ಮಕ್ಕಳು ಬೋಗುಣಿಯಲ್ಲಿ ಸಾಕುವ ಬಣ್ಣದ ಮರಿಗಳೆಂದು ತಿಳಿಯಬೇಡಿ. ಅರಮನೆಯ ನಟ್ಟನಡುವೆ ಗಾಜಿನ ಗೋಡೆಯ ದೊಡ್ಡ ಕೊಳ ಕಟ್ಟಿಸಿ, ಕಡಲಿನ ಉಪ್ಪುನೀರು ತುಂಬಿಸಿ, ಅದರೊಳಗೆ ಮೂರು ಬೇಟೆಗಾರ ಮೀನುಗಳನ್ನು ಬಿಟ್ಟಿದ್ದ. ಮೊದಲನೆಯದು ಮುರು ಮೀನು. ಬಾಯಿ ತೆರೆದರೆ ಭತ್ತದ ಗುಡಾಣವೇ, ಹಾಗಾಗಿ ಅದರ ಹೆಸರೂ ಗುಡಾಣ. ಎರಡನೆಯದು ಗರಿಗರಿ ರೆಕ್ಕೆಯ ಸಿಂಹಮೀನು, ಹೆಸರು ಚಾಮರ. ಪಟಪಟ ಅಲುಗಿದ್ದೆಲ್ಲವೂ ಅದರ ಹೊಟ್ಟೆಗೆ. ಮೂರನೆಯದು ಹಾವುಮೀನು, ಬುಸ್ಸಣ್ಣ. ಬಾಯ್ತುಂಬ ಹಲ್ಲು, ಮೈತುಂಬ ಸಿಟ್ಟು. ಮೂರು ಮೀನು ಆರಾಗಿ ಕಾಣಲಿ ಎಂದು ರಾಜ ಕೊಳದ ತಳದಲ್ಲಿ ಒಂದು ದೊಡ್ಡ ಕಂಚಿನ ಕನ್ನಡಿಯನ್ನೂ ಹಾಕಿಸಿದ್ದ.

ಇನ್ನು ನಗಾರಿಯ ವಿಷಯ. ಪುಳಿನಪುರದ ಅರಮನೆಗೆ ಬಂದವರನ್ನು ಸದ್ದಿಲ್ಲದೆ ಒಳಗೆ ಬಿಟ್ಟರೆ ವಂಶಕ್ಕೇ ಅವಮಾನ. ಮನುಷ್ಯರು ಬಂದರೆ ಹೆಬ್ಬಾಗಿಲ ನಗಾರಿ, ಕೊಳಕ್ಕೆ ಏನು ಇಳಿದರೂ ಕೊಳದ ನಗಾರಿ. ಎರಡನ್ನೂ ಬಾರಿಸುವವನು ಮಾಚಯ್ಯನೆಂಬ ಮುದುಕ. ಬಾರಿಸಿ ಬಾರಿಸಿ ಅವನ ಕಿವಿ ಮಂದವಾಗಿತ್ತು, ತೋಳು ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಒಂದು ದಿನ ಆ ಅರಮನೆಗೆ ಪಾಚಿಗಣ್ಣ ಎಂಬ ಮಾಂತ್ರಿಕ ಬಂದ. ಹಸಿರು ಕಣ್ಣು, ಪಾದದವರೆಗೆ ಇಳಿದ ಹಸಿರು ಗಡ್ಡ. ಗಡ್ಡದಿಂದ ಸದಾ ನೀರು ತೊಟ್ಟಿಕ್ಕುತ್ತಿತ್ತು. ರಾಜ್ಯದಲ್ಲಿ ಅರ್ಧ ಕೊಡು ಎಂದು ಕೇಳುವುದಕ್ಕೇ ಬಂದವನು ಅವನು. ಅವನು ಬಾಯಿ ತೆರೆಯುವ ಮೊದಲೇ ರಾಣಿ ಲಕುಮಾದೇವಿ ಮೂಗು ಮುಚ್ಚಿಕೊಂಡಳು. ರಾಣಿಯ ಬಾಯಿ ಸ್ವಲ್ಪ ನೇರ.

"ಅಯ್ಯಾ, ಗಡ್ಡಕ್ಕೆ ಪಾಚಿ ಹಿಡಿದಿದೆಯಲ್ಲಾ! ಹಿತ್ತಲಲ್ಲಿ ನೀರಿದೆ, ತೊಳೆದುಕೊಂಡು ಬಾ. ಆಮೇಲೆ ಮಾತಾಡೋಣ" ಎಂದಳು.

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಪಾಚಿಗಣ್ಣ ನಗಲಿಲ್ಲ. ಗಡ್ಡವನ್ನು ಗಿರ್ರನೆ ಬೀಸಿದ. ರಾಣಿ ನಿಂತಲ್ಲೇ ಮಾಯವಾಗಿ ಕೊಳದ ತಳದ ಕನ್ನಡಿಯೊಳಗೆ ಬಿಂಬವಾಗಿ ನಿಂತಳು. ಮರುಕ್ಷಣವೇ ಕನ್ನಡಿಯ ಅಂಚಿನಲ್ಲಿ ಹಸಿರು ಪಾಚಿ ಹಬ್ಬಲು ಶುರುವಾಯಿತು.

"ನನಗೆ ತೊಳೆದುಕೋ ಎಂದಿರಲ್ಲ, ಈಗ ಇದನ್ನು ತೊಳೆಯಿರಿ" ಎಂದ ಮಾಂತ್ರಿಕ. "ನೆತ್ತಿಯ ಸೂರ್ಯನಿಗೆ ನೆರಳೇ ಬೀಳದ ದಿನ ಹತ್ತಿರ ಬರುತ್ತಿದೆ. ಆ ಮಧ್ಯಾಹ್ನ ಕನ್ನಡಿ ಚೊಕ್ಕಟವಾಗಿದ್ದು ಬಿಸಿಲು ಪೂರ್ತಿ ಬಿದ್ದರೆ ರಾಣಿ ಹೊರಗೆ ಬರುತ್ತಾಳೆ. ಒಂದು ಚುಕ್ಕೆ ಪಾಚಿ ಉಳಿದಿದ್ದರೂ ಅವಳು ಶಾಶ್ವತವಾಗಿ ಅಲ್ಲೇ. ಕೇಳಿಸಿಕೊಳ್ಳಿ! ಕೊಳ ಬತ್ತಿಸಿದರೆ ಕನ್ನಡಿ ಒಡೆಯುತ್ತದೆ. ಈ ಮೂರರಲ್ಲಿ ಒಂದು ಮೀನು ಸತ್ತರೂ, ಕೊಳ ಬಿಟ್ಟು ಹೊರಗೆ ಬಂದರೂ ಕನ್ನಡಿ ಒಡೆಯುತ್ತದೆ. ಮನುಷ್ಯರ ಕೈ ನೀರಿಗೆ ತಾಗಿದರೆ ಪಾಚಿ ಇಮ್ಮಡಿಯಾಗುತ್ತದೆ. ಈ ಪಾಚಿಯನ್ನು ತಿನ್ನಬಲ್ಲದ್ದು ಕಡಲಲ್ಲಿ ಹುಟ್ಟಿದ ಬಾಯಿ ಮಾತ್ರ."

ಹಿಡಿಯಲು ಹೋದ ಭಟರು ಅವನು ನಿಂತ ನೆಲದ ಮೇಲೆ ಜಾರಿ ಒಬ್ಬರ ಮೇಲೊಬ್ಬರು ಬಿದ್ದರು. ಅವನು ನಗುತ್ತಾ ಹೊರಟುಹೋದ.

ರಾಜನಿಗೆ ಒಬ್ಬಳೇ ಮಗಳು, ಪದುಮಲೆ. ಅಮ್ಮನಿಲ್ಲದೆ ಊಟ ಮಾಡಿ ಅಭ್ಯಾಸವಿಲ್ಲದ ಹುಡುಗಿ. ಅವಳು ದಿನವೂ ಗಾಜಿಗೆ ಹಣೆ ಹಚ್ಚಿ ಕನ್ನಡಿಯನ್ನು ನೋಡುತ್ತಿದ್ದಳು. ಮೊದಲು ಅಮ್ಮನ ಪಾದ ಮರೆಯಾಯಿತು, ಆಮೇಲೆ ಸೆರಗು, ಆಮೇಲೆ ಬಳೆ ತೊಟ್ಟ ಕೈ. ಮುಖವೂ ಮುಚ್ಚಿಹೋದರೆ ಏನು ಗತಿ ಎಂದು ಅವಳಿಗೆ ನಿಜಕ್ಕೂ ಭಯವಾಗಿತ್ತು.

ಅರಮನೆಯವರು ಸುಮ್ಮನೆ ಕೂರಲಿಲ್ಲ. ದಂಡನಾಯಕ ಒಂದು ಗಾಡಿ ಏಡಿಗಳನ್ನು ತಂದ. "ಇವರು ಕವಚ ತೊಟ್ಟ ಸೈನಿಕರು, ಇವರನ್ನು ಯಾವ ಮೀನು ಮುಟ್ಟುತ್ತದೆ?" ಎಂದ. ನಗಾರಿ ಮೊಳಗಿತು, ಏಡಿಗಳು ಇಳಿದವು, ಬುಸ್ಸಣ್ಣ ಒಂದೊಂದನ್ನೇ ಕಟುಂ ಕಟುಂ ಎಂದು ಅಗಿದು ನುಂಗಿದ. ಮಂತ್ರಿ ಒಂದು ಹಂಡೆ ಬಣ್ಣದ ಮರಿಮೀನು ತಂದ. "ಇವು ಸಾವಿರಾರು. ತಿಂದು ಉಳಿದಷ್ಟು ಕೆಲಸ ಮಾಡಲಿ" ಎಂದ. ನಗಾರಿ ಮೊಳಗಿತು, ಮರಿಗಳು ಇಳಿದವು, ಚಾಮರ ರೆಕ್ಕೆ ಬಿಚ್ಚಿ ಎಲ್ಲವನ್ನೂ ಮೂಲೆಗೆ ಒತ್ತಿ ಮುಗಿಸಿದ. ಕಡೆಗೆ ರಾಜನೇ ಒಂದು ಬುಟ್ಟಿ ಪುಟ್ಟ ಶಂಖದ ಹುಳುಗಳನ್ನು ತರಿಸಿದ. ನಗಾರಿ ಮೊಳಗಿತು, ಗುಡಾಣ ಬಾಯಿ ತೆರೆದ, ಬುಟ್ಟಿ ಖಾಲಿಯಾಯಿತು. ಮೂರು ಮೀನುಗಳೂ ದಪ್ಪಗಾದವು. ಅವು ತಿಂದು ಚೆಲ್ಲಿದ ಚೂರುಗಳು ಮರಳಿನಲ್ಲಿ ಕೊಳೆತು ಪಾಚಿ ಇನ್ನೂ ಹುಲುಸಾಯಿತು.

ರಾಜ ತಲೆಯ ಮೇಲೆ ಕೈಹೊತ್ತು ಕುಳಿತ. ಆಗ ಪದುಮಲೆ ಎದ್ದಳು.

"ಅಪ್ಪಾ, ನಾವು ಪಾಚಿ ತಿನ್ನುವವರು ಯಾರು ಎಂದು ಹುಡುಕಿದೆವು. ತಿನ್ನಿಸಿಕೊಳ್ಳದವರು ಯಾರು ಎಂದು ಕೇಳಲೇ ಇಲ್ಲ. ಈ ಸಲ ನಾನು ಹೋಗುತ್ತೇನೆ."

"ನೀನೇ? ದಂಡನಾಯಕನಿಂದ ಆಗದ್ದು?"

"ಅವರು ಒಂದು ದಿನವಾದರೂ ಮೀನುಗಳನ್ನು ನೋಡುತ್ತಾ ಕುಳಿತಿದ್ದರೇ?" ಎಂದಳು ಪದುಮಲೆ. ಅಮ್ಮನ ನೇರ ಬಾಯಿ ಮಗಳಿಗೂ ಬಂದಿತ್ತು.

ಅವಳು ಮೊದಲು ಮಾಡಿದ್ದು ಒಂದು ಬೆತ್ತದ ಬಳೆ. ಗುಡಾಣ ಆಕಳಿಸಿದಾಗ ಗಾಜಿನ ಹೊರಗಿನಿಂದ ಅಳತೆ ಹಿಡಿದು, ಅವನ ಬಾಯಿ ಎಷ್ಟಿತ್ತೋ ಅಷ್ಟೇ ಅಗಲಕ್ಕೆ ಬೆತ್ತ ಬಗ್ಗಿಸಿ ಕಟ್ಟಿದಳು. ಅದನ್ನು ಹೆಗಲಿಗೆ ಹಾಕಿಕೊಂಡು, ನೀರು ಇಳಿದ ಹೊತ್ತಿಗೆ ಕಡಲ ಬಂಡೆಗಳ ಮೇಲೆ ನಿಂತು ಕೂಗಿದಳು. "ನನ್ನ ಅಮ್ಮನನ್ನು ಬಿಡಿಸಬೇಕು. ಅರಮನೆಯ ಕೊಳದಲ್ಲಿ, ದೊಡ್ಡ ಬಾಯಿಯ ಗುಡಾಣ, ಸದಾ ಸಿಟ್ಟಿನ ಹಾವುಮೀನು ಬುಸ್ಸಣ್ಣ, ಇಂಥ ಬೇಟೆಗಾರ ಮೀನುಗಳ ನಡುವೆ ಪಾಚಿ, ಕೊಳೆ ತೊಳೆಯಲು ಬರುವವರು ಯಾರಾದರೂ ಇದ್ದೀರಾ?"

ಬಂಡೆಯ ಸಂದುಗೊಂದಿನಿಂದ ಕಡಲ ಮಂದಿ ಹೊರಗೆ ಬಂದರು. ಎಲ್ಲರಿಗಿಂತ ಮುಂದೆ ಒಂದು ಸನ್ಯಾಸಿ ಏಡಿ, ಯಾರದೋ ಹಳೆಯ ಶಂಖ ಹೊದ್ದುಕೊಂಡು ಬಂತು.

"ನಾನಿದ್ದೀನಿ! ಮೀನೆಲ್ಲ ನನ್ನ ಕಂಡರೆ ಗಡಗಡ" ಎಂದಿತು.

"ಈ ಬಳೆಯೊಳಗೆ ನುಸುಳು ನೋಡೋಣ" ಎಂದಳು ಪದುಮಲೆ. ಏಡಿ ಸಲೀಸಾಗಿ ನುಸುಳಿತು.

"ನೀನು ಮನೆಗೆ ಹೋಗಪ್ಪ. ನೀನು ಬದುಕಿರಬೇಕು."

ಸಣ್ಣ ಶಂಖಗಳು ನುಸುಳಿದವು, ಚೆಂದದ ಸಿಗಡಿಗಳು ನುಸುಳಿದವು. ಎಲ್ಲರಿಗೂ ಅವಳು ಕೈಮುಗಿದು ಹಿಂದೆ ಕಳಿಸಿದಳು. ಕೆಲವರಿಗೆ ಸಿಟ್ಟೂ ಬಂತು. ಕಡೆಗೆ ಒಂದು ಕಪ್ಪು ಮುಳ್ಳುಚೆಂಡು ಉರುಳುರುಳುತ್ತಾ ಬಂತು. ಮೊಳದುದ್ದದ ಮುಳ್ಳುಗಳು. ಬಳೆಯ ಮುಂದೆ ಬಂದು ನಿಂತಿತು, ಒಳಗೆ ಹೋಗಲೇ ಇಲ್ಲ.

"ನನ್ನ ಹೆಸರು ಮುಳ್ಳಯ್ಯ. ಪಾಚಿಯೆಂದರೆ ನನಗೆ ಹಬ್ಬದ ಊಟ. ಆದರೆ ನನ್ನನ್ನು ಧಡಕ್ಕನೆ ಕೊಳಕ್ಕೆ ಎಸೆದರೆ ಸಾಯುತ್ತೇನೆ. ನಿಮ್ಮ ಕೊಳದ ನೀರು ಬಿಸಿಲಿಗೆ ಆರಿ ಆರಿ ಉಪ್ಪು ಹೆಚ್ಚಾಗಿದೆ. ಅದನ್ನು ನನಗೆ ಹನಿ ಹನಿಯಾಗಿ ರೂಢಿ ಮಾಡಿಸಬೇಕು. ಅಷ್ಟು ತಾಳ್ಮೆ ಇದೆಯಾ?"

"ಇದೆ" ಎಂದಳು ಪದುಮಲೆ.

ಮುಳ್ಳಯ್ಯನ ಹಿಂದೆಯೇ ಕಂದುಬಣ್ಣದ ಒಂದು ಉದ್ದನೆಯ ಜೀವ ತೆವಳಿಕೊಂಡು ಬಂತು. ಕಣ್ಣಿಲ್ಲ, ಕಾಲಿಲ್ಲ, ಚೆಂದವಂತೂ ಇಲ್ಲವೇ ಇಲ್ಲ. ಅದು ಕಡಲಸೌತೆ. ಬಳೆಯೊಳಗೆ ಆರಾಮಾಗಿ ನುಸುಳಿತು.

"ಅಜ್ಜೀ, ಗುಡಾಣನ ಬಾಯಿಗೆ ನೀವು ಹಿಡಿಸುತ್ತೀರಿ."

"ಹಿಡಿಸಲಿ ಮಗಾ" ಎಂದಿತು ಕಡಲಸೌತೆ ನಿಧಾನವಾಗಿ. "ಒಂದು ಸಲ ಬಾಯಿಗೆ ಹಾಕಿಕೊಂಡ ಮೀನು ಇನ್ನೊಂದು ಸಲ ನನ್ನ ಕಡೆ ತಲೆ ಹಾಕೋದಿಲ್ಲ. ಅಷ್ಟು ಕಹಿ ನಾನು. ಮರಳಿನ ಕೊಳೆಯನ್ನೆಲ್ಲ ತಿಂದು ಬಿಳೀ ಮರಳು ಮಾಡಿ ಕೊಡ್ತೀನಿ. ಆದರೆ ನನ್ನನ್ನು ಬೆಚ್ಚಿಬೀಳಿಸಬಾರದು. ನಾನು ಗಾಬರಿಯಾದರೆ ಮೈಯಿಂದ ವಿಷ ಹೊರಡುತ್ತೆ, ಕೊಳದ ಮೀನೆಲ್ಲ ಸಾಯುತ್ತೆ. ನಾನು ಇಳಿಯುವಾಗ ಒಂದು ಸದ್ದೂ ಇರಬಾರದು. ಮರಳಿಗೆ ಹೊಂದಿಕೊಂಡ ಮೇಲೆ ಯಾವ ಸದ್ದಾದರೂ ಸರಿ."

ಪದುಮಲೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೀನು ಸತ್ತರೆ ಕನ್ನಡಿ ಒಡೆಯುತ್ತದೆ. ಸದ್ದಿಲ್ಲದೆ ಒಳಗೆ ಬಿಡುವುದು ಅರಮನೆಯಲ್ಲಿ ಎಂದೂ ನಡೆದಿಲ್ಲ. ಆದರೂ "ಆಗಲಿ ಅಜ್ಜೀ" ಎಂದಳು.

ಮೂರನೆಯದಾಗಿ ಕೆಂಪು ಬೆನ್ನಿನ ಮೇಲೆ ಬಿಳಿ ಪಟ್ಟೆ, ಉದ್ದ ಬಿಳಿ ಮೀಸೆ ಇದ್ದ ಒಂದು ಸಿಗಡಿ ಕುಣಿಯುತ್ತಾ ಬಂತು. ಬಳೆಯೊಳಗೆ ಒಮ್ಮೆ ನುಸುಳಿತು, ಹಿಂದಿರುಗಿ ಇನ್ನೊಮ್ಮೆ ನುಸುಳಿತು.

"ನೀನು ಬಾಯಿಗೂ ಹಿಡಿಸುತ್ತೀ, ರುಚಿಯಾಗಿಯೂ ಇದ್ದೀ" ಎಂದಳು ಪದುಮಲೆ. "ನಿನ್ನನ್ನು ಕರೆದುಕೊಂಡು ಹೋದರೆ ಪಾಪ ನನಗೆ."

"ರುಚಿಯಾಗಿದ್ದೀನಿ ಅನ್ನೋದು ಊರಿಗೇ ಗೊತ್ತು" ಎಂದಿತು ಸಿಗಡಿ ಮೀಸೆ ತಿರುವುತ್ತಾ. "ಆದರೆ ನನ್ನ ಕೆಲಸ ಏನು ಗೊತ್ತಾ? ಹಲ್ಲು ತೊಳೆಯೋದು. ಹಲ್ಲುನೋವಿನವನು ಹಲ್ಲು ತೊಳೆಯುವವನನ್ನು ತಿಂತಾನೇನಮ್ಮಾ? ನಿನ್ನ ಹಾವುಮೀನು ಸದಾ ಸಿಟ್ಟಲ್ಲಿರ್ತಾನೆ ಅಂತೀಯ. ಅದು ಸಿಟ್ಟಲ್ಲ, ನೋವು. ನಾನು ಅವನ ಬಾಯೊಳಗೆ ಹೋಗ್ತೀನಿ. ಆಗ ನೀನು ಹೆದರಿ ಬುಟ್ಟಿ ಎಳೆದುಬಿಟ್ಟರೆ ಅವನು ಗಕ್ಕನೆ ಬಾಯಿ ಮುಚ್ತಾನೆ, ನನ್ನ ಕತೆ ಮುಗೀತು. ನನ್ನನ್ನು ನಂಬಬೇಕು."

ಪದುಮಲೆ ಬೆತ್ತದ ಬಳೆಯನ್ನು ಮರಳಿನ ಮೇಲೆ ಇಟ್ಟು ಅವರೆಲ್ಲರನ್ನೂ ನೋಡಿದಳು. ಬಾಯಿಗೆ ಹಿಡಿಸದವನು ಒಬ್ಬ, ಬಾಯಿಗೆ ರುಚಿಸದವಳು ಒಬ್ಬಳು, ಬಾಯಿಗೇ ಬೇಕಾದವನು ಒಬ್ಬ. ಮೂವರೇ ಸಾಕು ಎಂದುಕೊಂಡಳು.

ಅರಮನೆಯಲ್ಲಿ ಮೂವರನ್ನೂ ಕಡಲ ನೀರಿನ ಮಡಕೆಗಳಲ್ಲಿಟ್ಟು ಮೊದಲ ಪರೀಕ್ಷೆಗೆ ಕುಳಿತಳು. ಉದ್ದ ಹಿಡಿಯ ಸೌಟಿನಿಂದ ಕೊಳದ ನೀರು ತೆಗೆದು ಮಡಕೆಗೆ ಹಾಕಬೇಕು. ಅಮ್ಮನ ಮುಖದವರೆಗೆ ಪಾಚಿ ಬಂದಿದೆ, ಹುಡುಗಿಗೆ ತಾಳ್ಮೆ ಎಲ್ಲಿಂದ ಬರಬೇಕು? ಒಂದು ಸೌಟು ಪೂರ್ತಿ ಸುರಿದೇಬಿಟ್ಟಳು. ಮುಳ್ಳಯ್ಯನ ಮೈಯಿಂದ ನಾಲ್ಕಾರು ಮುಳ್ಳು ಪುಳಪುಳನೆ ಉದುರಿದವು.

"ಅಯ್ಯೋ, ತಪ್ಪಾಯಿತು ಮುಳ್ಳಯ್ಯಾ!" ಎಂದು ಅವಳು ಅತ್ತೇಬಿಟ್ಟಳು. ಮುಳ್ಳಯ್ಯ ಬೈಯಲಿಲ್ಲ. "ಮುಳ್ಳು ಮತ್ತೆ ಬರುತ್ತದೆ. ಜೀವ ಬರುವುದಿಲ್ಲ" ಎಂದಷ್ಟೇ ಹೇಳಿತು. ಆಮೇಲೆ ಅವಳು ಬಟ್ಟೆಯ ಬತ್ತಿಯೊಂದನ್ನು ಹೊಸೆದು, ಅದರ ತುದಿಯಿಂದ ಒಂದೊಂದೇ ಹನಿ ಬೀಳುವಂತೆ ಮಾಡಿದಳು. ಬೆಳಗಿನಿಂದ ಬೈಗಿನವರೆಗೆ ಕೂತಲ್ಲಿಂದ ಏಳಲಿಲ್ಲ. ಹನಿಗಳನ್ನು ನೋಡಲಾರದೆ ರಾಜನೇ ಎದ್ದು ಅತ್ತಿಂದಿತ್ತ ಓಡಾಡಿದ. ಕಡೆಗೆ ಮುಳ್ಳಯ್ಯನ ಮುಳ್ಳುಗಳೆಲ್ಲ ಖುಷಿಯಿಂದ ಅಲುಗತೊಡಗಿದವು.

ಎರಡನೆಯ ಪರೀಕ್ಷೆ ಅದಕ್ಕಿಂತ ಕಷ್ಟದ್ದು. ಪದುಮಲೆ ಅಪ್ಪನ ಮುಂದೆ ನಿಂತು, "ನಾಳೆ ಇವರು ಕೊಳಕ್ಕೆ ಇಳಿಯುವಾಗ ನಗಾರಿ ಬಾರಿಸಬಾರದು" ಎಂದಳು.

ರಾಜ ಹೌಹಾರಿದ. "ನಮ್ಮ ರಾಣಿಯನ್ನು ಬಿಡಿಸಲು ಬಂದ ಅತಿಥಿಗಳನ್ನು ಕಳ್ಳರ ಹಾಗೆ ಒಳಗೆ ಬಿಡುವುದೇ? ನಮ್ಮ ಮುತ್ತಾತನ ಕಾಲದಿಂದ ಬಂದ ಮರ್ಯಾದೆ ಅದು!"

"ಅಪ್ಪಾ, ಕೊಳದ ನಗಾರಿ ಬಾರಿಸಿದಾಗಲೆಲ್ಲ ನೀರಿಗೆ ಬಿದ್ದದ್ದು ಏನು? ಮೀನಿನ ಊಟ. ಹುಟ್ಟಿದಾಗಿನಿಂದ ಆ ಮೀನುಗಳಿಗೆ ಆ ಸದ್ದೆಂದರೆ ಊಟ. ಏಡಿಗಳನ್ನು ನಾವು ಮರ್ಯಾದೆಯಿಂದ ಸ್ವಾಗತಿಸಲಿಲ್ಲ. ಊಟಕ್ಕೆ ಬನ್ನಿ ಎಂದು ಮೀನುಗಳನ್ನು ಕರೆದು ಬಡಿಸಿದೆವು."

ಸತ್ತುಹೋದ ಏಡಿಗಳನ್ನೆಲ್ಲ ನೆನೆದು ರಾಜನ ಮುಖ ಸಣ್ಣದಾಯಿತು. ಅತ್ತ ಮಾಚಯ್ಯನ ಕಣ್ಣಲ್ಲಿ ನೀರು.

"ಹಂಗಾರೆ ನನ್ನ ನಗಾರೀನ ಅಟ್ಟಕ್ಕೆ ಹಾಕ್ತೀರಾ ತಾಯಿ?"

"ಇಲ್ಲ ತಾತ!" ಎಂದು ಪದುಮಲೆ ಅವನ ಕಿವಿಯ ಹತ್ತಿರ ಕೂಗಿ ಹೇಳಿದಳು. "ನಿಮ್ಮ ನಗಾರಿಯಿಂದಲೇ ಇವರ ಜೀವ ಉಳಿಯಬೇಕು. ಅದನ್ನು ಪೂರ್ವದ ಮೂಲೆಯ ಕೆಳಮೆಟ್ಟಿಲಿಗೆ, ನೀರಿನ ಪಕ್ಕಕ್ಕೆ ತನ್ನಿ. ಇನ್ನು ಮೇಲೆ ಊಟ ಅಲ್ಲಿ ಮಾತ್ರ, ನಗಾರಿ ಊಟಕ್ಕೆ ಮಾತ್ರ."

ಮಾಚಯ್ಯ ಕಣ್ಣೊರೆಸಿಕೊಂಡು ನಗಾರಿ ಹೊತ್ತ. ಮರುದಿನ ಪೂರ್ವದ ಮೂಲೆಯಲ್ಲಿ ಅದು ಮೊಳಗಿತು. ಮೂರು ಮೀನುಗಳೂ ಅಲ್ಲಿಗೆ ನುಗ್ಗಿ ಹೊಟ್ಟೆ ಬಿರಿಯ ತಿಂದು ತೂಕಡಿಸಿದವು. ಆಮೇಲೆ ಅರಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಪಶ್ಚಿಮದ ಮೂಲೆಯಲ್ಲಿ ಪದುಮಲೆ ಮುಳ್ಳಯ್ಯ, ಅಜ್ಜಿ ಇಬ್ಬರನ್ನೂ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಇಳಿಸಿದಳು. ಎಂದೂ ಸುಮ್ಮನಿರದ ರಾಜ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ನಿಂತಿದ್ದ.

ಮುಳ್ಳಯ್ಯ ಗಾಜಿಗೆ ಅಂಟಿಕೊಂಡು ಪಾಚಿ ಕೆರೆಯತೊಡಗಿತು. ಕಡಲಸೌತೆ ಅಜ್ಜಿ ಮರಳಿನ ಮೇಲೆ ಮಲಗಿ ಕೊಳೆ ನುಂಗತೊಡಗಿದಳು. ಎಚ್ಚರವಾದ ಗುಡಾಣ ಮೊದಲು ಮುಳ್ಳಯ್ಯನ ಹತ್ತಿರ ಹೋದ, ತುಟಿಗೆ ಚುಚ್ಚಿಸಿಕೊಂಡು ಹಿಂದೆ ಸರಿದ. ಆಮೇಲೆ ಅಜ್ಜಿಯನ್ನು ಬಾಯಿಗೆ ಹಾಕಿಕೊಂಡ. ಅಜ್ಜಿ ಗಾಬರಿಯಾಗಲಿಲ್ಲ. ಗುಡಾಣನೇ ಥೂ ಎಂದು ಉಗುಳಿ, ಬಾಯಿ ಕಹಿಯಾಗಿ ಮೂಲೆ ಸೇರಿದ. ಪದುಮಲೆ ಸದ್ದಿಲ್ಲದೆ ಕುಣಿದಳು.

ದಿನ ಕಳೆದಂತೆ ಗಾಜು ತಿಳಿಯಾಯಿತು, ಮರಳು ಬೆಳ್ಳಗಾಯಿತು. ಕನ್ನಡಿಯಲ್ಲಿ ಅಮ್ಮನ ಪಾದ ಕಂಡಿತು, ಸೆರಗು ಕಂಡಿತು, ಬಳೆಯ ಕೈ ಕಂಡಿತು. ಆದರೆ ಮುಖ ಕಾಣಲಿಲ್ಲ. ಅಲ್ಲಿ ಬುಸ್ಸಣ್ಣ ಸುರುಳಿ ಸುತ್ತಿ ಮಲಗಿದ್ದ. ಹತ್ತಿರ ಬಂದವರಿಗೆಲ್ಲ ಹಲ್ಲು ತೋರಿಸುತ್ತಿದ್ದ. ನೆರಳಿಲ್ಲದ ದಿನವೂ ಬಂದೇಬಿಟ್ಟಿತು.

ಅಷ್ಟು ದಿನ ಸಿಗಡಿಯನ್ನು ಇಳಿಸಲು ಧೈರ್ಯ ಸಾಲದಿದ್ದ ಪದುಮಲೆ ಅಂದು ಬೆಳಿಗ್ಗೆ ಮೂರನೆಯ ಪರೀಕ್ಷೆಗೆ ಬುಟ್ಟಿ ಇಳಿಸಿದಳು. ಮೀಸೆಯ ಸಿಗಡಿ ಬುಸ್ಸಣ್ಣನ ಮೂತಿಯ ಮುಂದೆ ನಿಂತು ತಕಥೈ ಎಂದು ಕುಣಿಯಿತು. ಅಲುಗಿದ್ದನ್ನು ಕಂಡು ಚಾಮರ ರೆಕ್ಕೆ ಬಿಚ್ಚಿ ಬಂದ. ಬುಸ್ಸಣ್ಣ ಬಾಯಿ ತೆರೆದ. ಸಿಗಡಿ ನೇರವಾಗಿ ಆ ಬಾಯೊಳಗೆ ಹೊಕ್ಕಿತು. ಪದುಮಲೆಯ ಕೈ ಹಗ್ಗದ ಮೇಲಿತ್ತು. ಎಳೆಯಬೇಕು ಎಂದು ಮೈಯೆಲ್ಲ ಹೇಳುತ್ತಿತ್ತು. ಅವಳು ಹಲ್ಲು ಕಚ್ಚಿ ಹಗ್ಗ ಬಿಟ್ಟು, ಎರಡೂ ಕೈ ಹಿಂದೆ ಕಟ್ಟಿಕೊಂಡಳು.

ಸ್ವಲ್ಪ ಹೊತ್ತಿಗೆ ಸಿಗಡಿ ಹೊರಗೆ ಬಂತು. ಅದರ ಕೊಂಡಿಯಲ್ಲಿ ಒಂದು ಹಸಿರು ಮುಳ್ಳು! ಬುಸ್ಸಣ್ಣ ಮೊದಲಿಗಿಂತ ಸಿಟ್ಟಾಗಿ ಯಾರನ್ನೂ ಕನ್ನಡಿಯ ಹತ್ತಿರ ಬಿಡದಿರಲಿ ಎಂದು ಪಾಚಿಗಣ್ಣ ಗಡ್ಡ ಬೀಸಿದ ದಿನವೇ ಅವನ ಒಸಡಿಗೆ ಚುಚ್ಚಿದ್ದ ಮಂತ್ರದ ಮುಳ್ಳು ಅದು. ನೋವು ಹೋದ ಬುಸ್ಸಣ್ಣ ಮೈ ಸಡಿಲಿಸಿ ಉಸ್ಸೆಂದ. ಸಿಗಡಿಯ ಹಿಂದೆ ಬಿದ್ದ ಚಾಮರನಿಗೆ ಹಲ್ಲು ತೋರಿಸಿ, "ಇವನ ತಂಟೆಗೆ ಬಂದರೆ ಜೋಕೆ" ಎಂದು ಗದರಿಸಿ, ಕನ್ನಡಿ ಬಿಟ್ಟು ಬಂಡೆಯ ಸಂದಿಗೆ ಸರಿದ. ಮುಳ್ಳಯ್ಯ ಸರಸರನೆ ಕನ್ನಡಿಯ ಮೇಲೇರಿ ಅಮ್ಮನ ಮುಖದ ಮೇಲಿನ ಪಾಚಿಗೆ ಬಾಯಿ ಹಾಕಿತು. ಹಣೆ ಕಂಡಿತು. ಒಂದು ಕಣ್ಣು ಕಂಡಿತು. ಸೂರ್ಯ ನೆತ್ತಿಗೆ ಬರಲು ಇನ್ನು ಸ್ವಲ್ಪವೇ ಉಳಿದಿತ್ತು.

ಇತ್ತ ತನ್ನ ಗುಹೆಯಲ್ಲಿ ಪಾಚಿಗಣ್ಣನಿಗೆ ದಿನದಿನವೂ ಗಡ್ಡ ಗಿಡ್ಡವಾಗುತ್ತಿತ್ತು. ಮೊದಲು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ. ಅವನ ಶಕ್ತಿಯೆಲ್ಲ ಕೊಳದ ಪಾಚಿಯಲ್ಲೇ ಇತ್ತು. ಅಂದು ಗಡಬಡಿಸಿ ಎದ್ದು ಅರಮನೆಗೆ ಓಡಿಬಂದ. ಹೊಳೆಯುವ ಕೊಳ ನೋಡಿ ಹೊಟ್ಟೆ ಉರಿಯಿತು.

"ಮೂರು ಹುಳು ನನ್ನನ್ನು ಸೋಲಿಸುತ್ತವೆಯೇ? ಈ ನಗಾರಿ ಬಾರಿಸಿದರೆ ಮೀನುಗಳು ನೀರಲ್ಲಿ ಇದ್ದದ್ದನ್ನೆಲ್ಲ ತಿನ್ನುತ್ತವೆ ಎಂದು ನನಗೆ ಗೊತ್ತಿಲ್ಲವೇ?" ಎಂದು ಮಾಚಯ್ಯನನ್ನು ಪಕ್ಕಕ್ಕೆ ತಳ್ಳಿ ಕೋಲು ಕಿತ್ತುಕೊಂಡ. ಪೂರ್ವದ ಮೂಲೆಯ ಕೆಳಮೆಟ್ಟಿಲಿಗೆ ಇಳಿದು, ಬಗ್ಗಿ ನಗಾರಿಯ ಮೇಲೆ ಬಡಿಯತೊಡಗಿದ. ಢಂ ಢಂ ಢಂ! ಬಗ್ಗಿದವನ ಗಡ್ಡದ ತುದಿ ನೀರಿನಲ್ಲಿ ತೇಲುತ್ತಿತ್ತು.

ಗುಡಾಣ ಎದ್ದ. ಚಾಮರ ಎದ್ದ. ಬುಸ್ಸಣ್ಣನೂ ಎದ್ದ. ಮೂವರೂ ಮುಳ್ಳಯ್ಯನನ್ನು ದಾಟಿದರು, ಅಜ್ಜಿಯನ್ನು ದಾಟಿದರು, ಮೀಸೆಯ ಸಿಗಡಿಯನ್ನು ದಾಟಿದರು. ಊಟ ಎಲ್ಲಿ ಬಡಿಸುತ್ತಾರೆ ಎಂದು ಈಗ ಅವರಿಗೆ ಚೆನ್ನಾಗಿ ಗೊತ್ತಿತ್ತು. ನೇರವಾಗಿ ಪೂರ್ವದ ಮೂಲೆಗೆ ನುಗ್ಗಿ ತೇಲುತ್ತಿದ್ದ ಹಸಿರು ಗಡ್ಡಕ್ಕೆ ಒಟ್ಟಿಗೆ ಬಾಯಿ ಹಾಕಿದರು.

"ಅಯ್ಯಯ್ಯೋ, ಬಿಡ್ರೋ!" ಎಂದು ಪಾಚಿಗಣ್ಣ ಕಿರುಚಿದ. ಅವನು ಹಿಂದಕ್ಕೆ ಎಳೆದ, ಮೀನುಗಳು ಮುಂದಕ್ಕೆ ಎಳೆದವು. ಪರ್ರನೆ ಗಡ್ಡ ಬುಡಸಮೇತ ಕಿತ್ತುಬಂತು. ಮಾಂತ್ರಿಕ ಮೆಟ್ಟಿಲ ಮೇಲೆ ಅಂಗಾತ ಬಿದ್ದ. ಏಳುವಷ್ಟರಲ್ಲಿ ಅವನೊಬ್ಬ ಬೋಳು ಗಲ್ಲದ ಸಾಮಾನ್ಯ ಮುದುಕನಾಗಿದ್ದ.

ಅದೇ ಹೊತ್ತಿಗೆ ಮುಳ್ಳಯ್ಯ ಕಡೆಯ ಚುಕ್ಕೆ ಪಾಚಿಯನ್ನು ನುಂಗಿತು. ಅರಮನೆಯ ಕಂಬಗಳ ನೆರಳು ಕಂಬದ ಬುಡದೊಳಗೆ ಸೇರಿಹೋಯಿತು. ಬಿಸಿಲು ನೇರವಾಗಿ ನೀರೊಳಗೆ ಇಳಿದು ಕನ್ನಡಿಯ ತುಂಬ ಬೆಳಗಿತು. ಕನ್ನಡಿಯಿಂದ ರಾಣಿ ಲಕುಮಾದೇವಿ ಎದ್ದಳು, ನೀರು ಸೀಳಿ ಮೇಲೆ ಬಂದಳು, ಒದ್ದೆ ಸೆರಗು ಕೊಡವಿ ಮೆಟ್ಟಿಲ ಮೇಲೆ ನಿಂತಳು. ಮೊದಲು ಕಣ್ಣಿಗೆ ಬಿದ್ದವನು ಪಾಚಿಗಣ್ಣ.

"ಈಗ ನೋಡು, ಮುಖ ಎಷ್ಟು ಚೊಕ್ಕವಾಗಿದೆ!" ಎಂದಳು.

"ಅಮ್ಮಾ!" ಎಂದು ಪದುಮಲೆ ಓಡಿಬಂದು ಅವಳ ಒದ್ದೆ ಮಡಿಲಿಗೆ ಬಿದ್ದಳು. ಅಷ್ಟು ದಿನ ತಡೆದಿದ್ದ ಅಳುವೆಲ್ಲ ಒಟ್ಟಿಗೆ ಬಂತು. ರಾಜನೂ ಅತ್ತ, ದಂಡನಾಯಕನೂ ಕಂಬದ ಹಿಂದೆ ನಿಂತು ಅತ್ತ.

ಪಾಚಿಗಣ್ಣನಿಗೆ ರಾಜ ಬೇರೆ ಶಿಕ್ಷೆ ಕೊಡಲಿಲ್ಲ. ದಿನಾ ಬೆಳಿಗ್ಗೆ ಕಡಲಿಂದ ಕೊಳಕ್ಕೆ ಹೊಸ ನೀರು ಹೊರುವ ಕೆಲಸ ಕೊಟ್ಟ. ಮೂವರು ಅತಿಥಿಗಳು ಕಡಲಿಗೆ ಹೋಗುತ್ತೇವೆ ಎನ್ನಲಿಲ್ಲ. ಮುಳ್ಳಯ್ಯನಿಗೆ ಉದುರಿದ ಮುಳ್ಳುಗಳೆಲ್ಲ ಮತ್ತೆ ಬಂದವು, ಅಜ್ಜಿಗೆ ಮರಳಿನ ತುಂಬ ಊಟ ಸಿಕ್ಕಿತು, ಸಿಗಡಿಯ ಮುಂದೆ ಮೂರು ಮೀನುಗಳೂ ಬಾಯಿ ತೆರೆದು ಸಾಲಾಗಿ ನಿಲ್ಲುತ್ತಿದ್ದವು. ಪುಳಿನಪುರದಲ್ಲಿ ಮನುಷ್ಯರೂ ಮೀನುಗಳೂ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಬಹುಕಾಲ ಸುಖವಾಗಿ ಬಾಳಿದರು.

ಅಯ್ಯೋ, ಒಂದು ಮಾತು ಹೇಳುವುದು ಮರೆತೆ. ರಾಣಿ ಮೆಟ್ಟಿಲೇರಿ ಬಂದಾಗ ಮಾಚಯ್ಯ ನೆಲಕ್ಕೆ ಬಿದ್ದಿದ್ದ ಕೋಲುಗಳನ್ನು ಎತ್ತಿಕೊಂಡು ಪದುಮಲೆಯ ಮುಖ ನೋಡಿದ. "ಬಾರಿಸಲಾ ತಾಯಿ?" ಎಂದು ಮೆಲ್ಲಗೆ ಕೇಳಿದ.

"ಹೆಬ್ಬಾಗಿಲಿನದು ಬಾರಿಸಿ ತಾತ!" ಎಂದು ಅವಳು ಅಳುತ್ತಲೇ ನಗುತ್ತಾ ಕೂಗಿದಳು.

ಮುದುಕ ಓಡಿದ. ತೋಳಲ್ಲಿ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಬಾರಿಸಿದ. ಕಡಲ ಬಂಡೆಗಳವರೆಗೂ ಆ ಸದ್ದು ಹೋಯಿತು. ಎಷ್ಟೋ ವರ್ಷಗಳ ಮೇಲೆ ಅಂದು ಮಾಚಯ್ಯನಿಗೂ ತನ್ನ ನಗಾರಿ ಕೇಳಿಸಿತಂತೆ.